ಯಾವ ತಪ್ಪಿಗೆ ಮಾಫಿ

ಹರಿಹರ ಬಸ್ ನಿಲ್ದಾಣದ ಎದುರು, ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಲೆಬೆನ್ನೂರು ಬಸ್ಸು ಇನ್ನೂ ಬಂದಿಲ್ಲ.

ಈಗಷ್ಟೇ ಇಬ್ಬರು ಪೊಲೀಸರು ಬಂದು ಹೋದರು. ದೇಶದ ಗಡಿಯನ್ನು ಕದ್ದುಮುಚ್ಚಿ ದಾಟಿ ಬಂದವರನ್ನು ಹುಡುಕುತ್ತಿದ್ದಾರಂತೆ. ಇಷ್ಟು ಜನರ ನಡುವೆ ಅವರು ಆಧಾರ್ ಕಾರ್ಡ್ ಕೇಳಿದ್ದು, ಗೊಬ್ಬರದ ಚೀಲದ ಪಕ್ಕ ನಿಂತಿದ್ದ ಬಂಗಾಳದ ಆಳೊಬ್ಬನನ್ನು ಮಾತ್ರ. ಭತ್ತದ ನಾಟಿಗೆ ಬಂದವನು. ನನ್ನ ಕಾರ್ಡೂ ದಾವಣಗೆರೆಯ ಮನೆಯಲ್ಲೇ ಉಳಿದಿದೆ. ನನ್ನನ್ನು ಯಾರೂ ಕೇಳಲಿಲ್ಲ.

ಆತ ನಮ್ಮ ಬೆಂಚಿನತ್ತ ಒಮ್ಮೆ ನೋಡಿ, "ಇಲ್ಲ ಸಾಬ್" ಎಂದ.

"ಮುಖ ನೋಡಿ ಕೇಳೋದು ಸರೀನಾ?" ಎಂದೆ, ತಡೆಯಲಾರದೆ.

ಪಕ್ಕದಲ್ಲಿದ್ದ ರೈತರೊಬ್ಬರು ಮಿರ್ಚಿ ಬಜ್ಜಿ ಮುರಿಯುತ್ತ, "ಮತ್ತೆ ಹೆಂಗ್ ಕೇಳ್ಬೇಕ್ರಿ? ಯಾರ್ ಎಲ್ಲಿಯವ್ರು ಅಂತ ಗೊತ್ತಾಗ್‌ಬ್ಯಾಡ್ವಾ?" ಎಂದರು.

ಪೊಲೀಸರು ಅವನ ಹೆಸರು ಬರೆದುಕೊಂಡು, "ಈ ಸಲ ಮಾಫ್ ಮಾಡೀವಿ, ಹೋಗು" ಎಂದರು. ಆತ ಕೈ ಮುಗಿದ. ಯಾವ ತಪ್ಪಿಗೆ ಮಾಫಿ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಹೋದ ಮೇಲೆ ಆತ ಬಂದು ಈ ರೈತರ ಮುಂದೆಯೇ ನಿಂತ. ಇವರ ಗದ್ದೆಯ ಆಳೇ ಅವನು. "ಮಾಲಿಕ್, ಕಾರ್ಡ್" ಎಂದು ಕೈ ಚಾಚಿದ.

ರೈತರು ನನ್ನ ಮುಖ ನೋಡಲಿಲ್ಲ. "ನಾಟಿ ಅರ್ಧಕ್ಕೆ ಬಿಟ್ಟು ಬ್ಯಾರೆಯವ್ರ ಗದ್ದೆಗೆ ಹೋಗ್ಬಿಡ್ತಾರ್ರಿ. ಅದಕ್ಕ ಎಲ್ಲಾರ ಕಾರ್ಡೂ ಇಸ್ಕೊಂಡು ಮನ್ಯಾಗ ಇಟ್ಟೀವಿ."

"ಪೊಲೀಸ್ರಿಗೆ ಯಾಕ ಹೇಳ್ಲಿಲ್ರಿ?" ಅಂಗಡಿಯಾಕೆ ಕೇಳಿದಳು.

ರೈತರು ಇನ್ನೊಂದು ಪ್ಲೇಟ್ ಮಂಡಕ್ಕಿ ತರಿಸಿ ಅವನ ಕೈಗಿಟ್ಟರು. ಆತ ಅದನ್ನು ಬೆಂಚಿನ ಮೇಲಿಟ್ಟು, ಖಾಲಿ ಕೈಯನ್ನು ಮತ್ತೆ ಅವರ ಮುಂದೆ ಚಾಚಿದ.