ಐದನೆಯ ತಿರುಪು
ಬೈಲಹೊಂಗಲದ ತಾರು ಕಚೇರಿಯ ಮಹಾಂತಪ್ಪ ಮಾಸ್ತರರು, ಸುದ್ದಿ ಕಳಿಸುವ ಯಂತ್ರದಲ್ಲಿ ಊರೂರಿನ ತಂತಿ ಕಟ್ಟುವ ಐದು ಹಿತ್ತಾಳೆ ತಿರುಪುಗಳ ಪೈಕಿ ತಂತಿಯನ್ನೇ ಕಾಣದ ಐದನೆಯದನ್ನು ದಿನವೂ ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸುವರು. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯಂದು, ದುಡಿಯುವ ತಿರುಪುಗಳಿಗೆ ವಿಭೂತಿ ತಾಗಿದರೆ ಸುದ್ದಿ ಕೆಟ್ಟೀತೆಂದು, ಎಲ್ಲವುಗಳ ಪೂಜೆಯನ್ನೂ ಅದೊಂದಕ್ಕೇ ಸಲ್ಲಿಸುವರು. "ಇದ್ಯಾಕ ಖಾಲಿರಿ?" ಎಂದು ಕಿತ್ತೂರಿನ ವರ್ತಕರು ಕೇಳಿದರೆ "ವಿಲಾಯತಿಗೆ ಮೀಸಲ ಐತ್ರಿ" ಎನ್ನುವರು, ರಾಮದುರ್ಗದ ಕಾರಕೂನರು ಕೇಳಿದರೆ "ಲಾಟಸಾಹೇಬರಿಗೆ" ಎನ್ನುವರು. ದೊಡವಾಡದ ಬಾಯವ್ವ ಕೇಳಿದಾಗ, ಆಕೆಯ ತಮ್ಮ ದಂಡಿನ ಹೇಸರಗತ್ತೆ ಹೊಡೆಯಲು ಕಡಲಾಚೆಯ ಬಸ್ರಾಕ್ಕೆ ಹೋಗಿದ್ದುದನ್ನು ನೆನೆದು, "ಬಸ್ರಾಕ್ಕವ್ವ" ಎಂದುಬಿಟ್ಟರು. ಮುಂದಿನ ಸಂತೆಯ ದಿನ ಆಕೆ ಮೊಳದುದ್ದ ತಾಮ್ರದ ತಂತಿ ತಂದು ಮೇಜಿನ ಮೇಲಿಟ್ಟು, "ಕಟ್ರಿ ಮಾಸ್ತರ್ರ, ನನ್ನ ತಮ್ಮ ಜೀವಂತ ಅದಾನೋ ಇಲ್ಲೋ ಕೇಳ್ರಿ" ಎಂದಳು. ಮಾಸ್ತರರು ಆ ತಂತಿಯನ್ನು ಆಕೆಯ ಕಡೆಗೇ ಸರಿಸಿದರು. "ಯವ್ವಾ, ಅದು ಎಲ್ಲಿಗೂ ಹೋಗೂದಿಲ್ಲ. ಕಾರಖಾನಿಯವರು ದೊಡ್ಡ ಊರಿಗೂ ಸಣ್ಣ ಊರಿಗೂ ಒಂದ ಅಚ್ಚಿನಾಗ ಯಂತ್ರ ಮಾಡ್ತಾರ, ನಮ್ಮದು ಸಣ್ಣ ಊರು, ನಾಕ ಸಾಕು" ಎಂದು ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ನಿಜ ನುಡಿದರು. ಬಾಯವ್ವನ ಮೋರೆ ಅರಳಿತು. "ಹಂಗಾರ ಖಾಲಿ ಇರೂದು ಬಸ್ರಾದ್ದಲ್ಲ, ಅಂವನ ಸುದ್ದಿ ಈ ನಾಕರಾಗನ ಬರತೈತಿ ಅನ್ರಿ!" ಎಂದು ಅಲ್ಲಿಯೇ ಕುಳಿತಳು. ಮಾಸ್ತರರು ಕಾಗದವನ್ನೆಳೆದುಕೊಂಡು, ಅದುವರೆಗೆ ಕೇಳದಿದ್ದುದನ್ನು ಕೇಳಿದರು: "ತಮ್ಮನ ಹೆಸರೇನವ್ವ?"