ಮಹಾದೇವಿಯನ್ನು ಮೈದಾನದಿಂದ ಹೊರಗೆ ಕರೆದ ದಿನ

ಕೋವಿಡ್ ಕಳೆದು ಕ್ರೀಡಾಕೂಟಗಳು ಮತ್ತೆ ಶುರುವಾಗಿದ್ದ ವರ್ಷ. ನಾನು ಜೇವರ್ಗಿಯಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದೆ. ಹದಿನೆಂಟು ವರ್ಷದೊಳಗಿನ ಬಾಲಕಿಯರ ಭಾರತ ರಗ್ಬಿ ತಂಡದ ಜೊತೆ ಏಷ್ಯಾ ಮಟ್ಟದ ಟೂರ್ನಿಗೆ ಹೋಗುವ ಕರೆ ಬಂತು. ಆ ತಂಡದಲ್ಲಿ ನಮ್ಮ ಕಡೆಯ ಒಬ್ಬಳೇ ಹುಡುಗಿ ಇದ್ದಳು: ಆಳಂದ ತಾಲ್ಲೂಕಿನ ಮಟಕಿಯ ಮಹಾದೇವಿ. ಅಫಜಲಪುರದ ಹಾಸ್ಟೆಲ್‌ನಲ್ಲಿದ್ದು ಓದುತ್ತ, ಕಬಡ್ಡಿಯಿಂದ ರಗ್ಬಿಗೆ ಬಂದವಳು. ಎದುರಾಳಿಯನ್ನು ಹಿಡಿದು ಕೆಡಹುವ ಟ್ಯಾಕಲ್‌ನಲ್ಲಿ ತಂಡದಲ್ಲಿ ಅವಳಿಗೆ ಸಾಟಿಯಿರಲಿಲ್ಲ.

ವಿದೇಶಕ್ಕೆ ಕಳಿಸಲು ಅವಳ ತಂದೆ ಶಿವಶರಣಪ್ಪ ಒಪ್ಪಿರಲಿಲ್ಲ. ನಾನೇ ಮಟಕಿಗೆ ಹೋಗಿ ಮಾತಾಡಿದೆ.

"ನೀವು ಜೊತಿಗಿರ್ತೀರಂದ್ರ ಕಳಸ್ತೀನ್ರಿ ಮೇಡಂ. ಆಕಿ ಜ್ವಾಕಿ ನಿಮ್ಮದು," ಎಂದರು.

ಇದು ಸೆವೆನ್ಸ್ ಮಾದರಿ. ತಂಡಕ್ಕೆ ಏಳು ಜನ, ಏಳು ನಿಮಿಷದ ಎರಡು ಅವಧಿ. ಕಂಚಿನ ಪದಕಕ್ಕೆ ಶ್ರೀಲಂಕಾ ಎದುರು ಆಡುತ್ತಿದ್ದೆವು. ಇನ್ನು ಎರಡು ನಿಮಿಷವಿತ್ತು, ನಾವು ಹನ್ನೆರಡು, ಅವರು ಹತ್ತು. ಚೆಂಡು ಹಿಡಿದು ಓಡಿ ಬರುತ್ತಿದ್ದ ಎದುರಾಳಿಯನ್ನು ಮಹಾದೇವಿ ಕೆಡಹಿದಳು. ಆಕೆಯ ಮೊಣಕಾಲು ಇವಳ ಕಪಾಳಕ್ಕೆ ಬಡಿಯಿತು.

ನಾನು ಓಡಿ ಹೋಗುವಷ್ಟರಲ್ಲಿ ಎದ್ದು ನಿಂತಿದ್ದಳು. ಆದರೆ ಕಣ್ಣು ಎಲ್ಲೋ ಇತ್ತು.

"ಮಾದೇವಿ, ಈಗ ಯಾರ ಜೊತಿ ಆಡಾಕತ್ತೀವಿ?"

ಅವಳು ಹೇಳಿದ್ದು ಬೆಳಿಗ್ಗೆ ಆಡಿದ ತಂಡದ ಹೆಸರು.

ಮೆದುಳು ಅಲುಗುವ ಇಂಥ ಪೆಟ್ಟಿಗೆ ಕನ್‌ಕಶನ್ ಎನ್ನುತ್ತಾರೆ. ಅನುಮಾನ ಬಂದರೂ ಸಾಕು, ಕಿರಿಯರ ರಗ್ಬಿಯಲ್ಲಿ ಆ ಆಟಗಾರ್ತಿ ಹೊರಗೆ ಬರಲೇಬೇಕು, ಮತ್ತೆ ಇಳಿಯುವಂತಿಲ್ಲ. ಮೊದಲ ಪೆಟ್ಟಿನ ಮೇಲೆ ಎರಡನೆಯದು ಬಿದ್ದರೆ ಹುಡುಗಿಯ ಜೀವವೇ ಹೋಗಬಹುದು. ನಾನು ಕೈ ಎತ್ತಿ ಬದಲಿ ಆಟಗಾರ್ತಿಯನ್ನು ಕಳಿಸಲು ಕೇಳಿದೆ.

ಗೆರೆಯಾಚೆಯಿಂದ ನಮ್ಮ ಮ್ಯಾನೇಜರ್ ಕೂಗಿದರು: "ನಿಂತಿದ್ದಾಳಲ್ಲ! ಎರಡೇ ನಿಮಿಷ, ಬಿಡಿ!"

ಮಹಾದೇವಿ ನನ್ನ ತೋಳು ಹಿಡಿದಳು. "ನಿಮ್ಮ ಕಾಲ್ ಬೀಳ್ತೀನ್ರಿ ಮೇಡಂ, ನಾ ಆರಾಮ ಅದೀನ್ರಿ. ಹೊರಗ ಹಾಕಬ್ಯಾಡ್ರಿ."

ನಾನು ಅವಳನ್ನು ಹೊರಗೆ ಕರೆತಂದೆ. ಮೈದಾನದಲ್ಲಿ ಅವಳು ಕಾವಲಿದ್ದ ಅಂಚಿನಿಂದಲೇ ಶ್ರೀಲಂಕಾದ ಹುಡುಗಿ ನುಗ್ಗಿ, ಚೆಂಡನ್ನು ಗೆರೆಯಾಚೆ ನೆಲಕ್ಕೂರಿ ಐದು ಅಂಕದ ಟ್ರೈ ಗಳಿಸಿದಳು. ಹದಿನೈದು–ಹನ್ನೆರಡು. ಪದಕ ಹೋಯಿತು. ಮಹಾದೇವಿ ವಾಂತಿ ಮಾಡಿಕೊಂಡು ಬೆಂಚಿನ ಪಕ್ಕ ಕುಸಿದಳು. ಸುತ್ತ ಯಾರೂ ಅದನ್ನು ನೋಡಲಿಲ್ಲ, ಎಲ್ಲರೂ ಸ್ಕೋರ್‌ಬೋರ್ಡ್ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಮಾಡಿಸಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಕನ್‌ಕಶನ್ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ ಎಂದು ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ನನ್ನದು ಅತಿಯಾದ ಅಂಜಿಕೆ ಎಂದು ಮ್ಯಾನೇಜರ್ ಎಲ್ಲರೆದುರು ಹೇಳಿದರು. ಮುಂದಿನ ಟೂರ್ನಿಗೆ ನನ್ನನ್ನು ಕರೆಯಲಿಲ್ಲ. ಅಷ್ಟರಲ್ಲಿ ಮಹಾದೇವಿಯ ವಯಸ್ಸು ಹದಿನೆಂಟು ದಾಟಿತ್ತು, ಹಿರಿಯರ ತಂಡದಲ್ಲಿ ಜಾಗ ಸಿಗಲಿಲ್ಲ. ಪದಕವಿದ್ದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಸಿಗುತ್ತದೆಂದು ಮನೆಯವರು ನಂಬಿದ್ದರು.

ಅವಳನ್ನು ನೋಡಲು ಮಟಕಿಗೆ ಹೋದಾಗ ಶಿವಶರಣಪ್ಪ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, "ಸ್ಕ್ಯಾನ್‌ನಾಗ ಏನೂ ಇಲ್ಲಂತ. ಮತ್ತ ನನ್ನ ಮಗಳ ನಸೀಬ ಯಾಕ ಕಸ್ಕೊಂಡ್ರಿ?" ಎಂದರು. ಜ್ವಾಕಿ ಮಾಡಲೆಂದು ಒಪ್ಪಿಸಿದ್ದೂ ಅವರೇ. ಅದನ್ನು ನೆನಪಿಸಲು ನನಗೆ ಮನಸ್ಸಾಗಲಿಲ್ಲ.

ಹೋದ ವರ್ಷ ಆಳಂದದ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಸೀರೆ ಬಿಚ್ಚಿ ತೋರಿಸುತ್ತಿದ್ದವಳು ಮಹಾದೇವಿ. ನನ್ನ ಗುರುತು ಹಿಡಿದಳು. ಕೈ ನಿಲ್ಲಿಸದೆ ಕೇಳಿದಳು:

"ಅವತ್ತ ನನಗ ಆಡಾಕ ಬಿಟ್ಟಿದ್ರ ಏನಾಗ್ತಿತ್ರೀ?"

"ಏನೂ ಆಗದೆಯೂ ಇರಬಹುದಿತ್ತು."

"ಹೌದಲ್ರೀ?" ಎಂದು ಮುಂದಿನ ಸೀರೆ ತೆಗೆದಳು.

ಕೈ ಮುರಿದರೆ ಎಕ್ಸ್‌ರೇ ತೋರಿಸಿ ಜನರನ್ನು ಒಪ್ಪಿಸಬಹುದು. ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಸರಿಯಾದ ಕೆಲಸ ಮಾಡಿಯೂ ಒಬ್ಬರ ಕಣ್ಣಲ್ಲಿ ಜೀವಮಾನವಿಡೀ ತಪ್ಪಿತಸ್ಥಳಾಗಿ ಉಳಿಯಬೇಕಾಗುತ್ತದೆ. ನಾಳೆ ಇನ್ನೊಬ್ಬಳು ಹಾಗೆ ನಿಂತರೂ ನಾನು ಹೊರಗೇ ಕರೆಯುತ್ತೇನೆ. ಅವಳೂ ನನ್ನನ್ನು ಕ್ಷಮಿಸುವುದಿಲ್ಲ ಎಂದು ಈಗ ಗೊತ್ತಿದೆ.