ಕರಡಿಗೂ ಒಂದು ಎಲೆ

ಕಳೆದ ಭಾನುವಾರ ಕಕ್ಕಿಂಜೆಯ ನನ್ನ ಅಕ್ಕನ ಮನೆಯಲ್ಲಿ ಒಂದು ಟೆಡ್ಡಿ ಬೇರ್‌ಗೆ ಬಾಳೆಲೆ ಹಾಕಿ ಊಟ ಬಡಿಸಿದರು. ಕೋರಿರೊಟ್ಟಿ, ಸುಕ್ಕ, ಕೊನೆಗೆ ಪಾಯಸ. ಬಡಿಸಿದವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. (ವಿಜ್ಞಾನದ ಮೇಷ್ಟ್ರು!)

ನೀವು ನಗುತ್ತಿದ್ದೀರಿ. ನನಗೆ ಮಾತ್ರ ಇನ್ನೂ ತಲೆನೋವು ಇಳಿದಿಲ್ಲ.

ಶುರುವಾದದ್ದು ಹೀಗೆ. ಅಕ್ಕನ ಮಗ ಪ್ರಶಾಂತ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾನೆ. ಮೂವತ್ತು ದಾಟಿದೆ. ರಜೆಯಲ್ಲಿ ಬಂದವನಿಗೆ ಪಾಣೆಮಂಗಳೂರಿನ ಸೌಮ್ಯ ಎಂಬ ಹುಡುಗಿಯ ಜೊತೆ ಮಾತುಕತೆ ನಡೆಯಿತು. ಇಬ್ಬರಿಗೂ ಒಪ್ಪಿಗೆ. ಪದ್ಧತಿಯಂತೆ ಹುಡುಗಿಯ ಕಡೆಯವರು ಮನೆ ನೋಡಲು ಬಂದರು. ಮನೆ ನೋಡುವುದು ಅಂದರೆ ಗೊತ್ತಲ್ಲ? ಚಾ ಕುಡಿದು, ಅಡುಗೆಮನೆ, ಬಾವಿ, ಬಚ್ಚಲು, ಮುಚ್ಚಿದ ಬಾಗಿಲು ಎಲ್ಲ ತೆರೆದು ನೋಡುವುದು. ಸೌಮ್ಯಳ ದೊಡ್ಡಮ್ಮ ಪ್ರಶಾಂತನ ಕೋಣೆಯ ಬಾಗಿಲನ್ನೂ ತೆರೆದರು.

ಮಂಚದ ಮೇಲೆ ಆಳೆತ್ತರದ ಕರಡಿ ಮಲಗಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಮಕ್ಕಳದ್ದಾ?" ಎಂದು ಅವರು ಕೇಳಿದರು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ಸತ್ಯಹರಿಶ್ಚಂದ್ರ "ಅಲ್ಲ, ನನ್ನದು" ಅಂದುಬಿಟ್ಟ. ಬಂದವರು ಎರಡನೇ ಚಾ ಕುಡಿಯದೆ ಹೊರಟರು.

ಮರುದಿನ ಅವನು ಮೂಡುಬಿದಿರೆಗೆ, ನನ್ನ ಮನೆಗೆ ಬಂದ. ಪತ್ರಿಕೆಯಲ್ಲಿ ಬರೆಯುವ ಚಿಕ್ಕಮ್ಮನಿಗೆ ಎಲ್ಲ ಅರ್ಥವಾಗುತ್ತದೆ ಎಂಬ ನಂಬಿಕೆ, ಪಾಪ.

"ಬರೀ ತಬ್ಬಿಕೊಂಡು ಮಲಗ್ಲಿಕ್ಕೆ ಅಲ್ಲ ಚಿಕ್ಕಮ್ಮ. ನನಗೆ ಆ ಕರಡಿಯ ಮೇಲೆ ಆ ರೀತಿಯ ಆಕರ್ಷಣೆಯೇ ಉಂಟು. ಸೌಮ್ಯ ಇಷ್ಟ ಇಲ್ಲ ಅಂತ ಅಲ್ಲ, ಅವಳೂ ಇಷ್ಟ. ಆದ್ರೆ ಇದನ್ನು ಹೇಳದೆ ಮದುವೆ ಆದ್ರೆ ಅವಳಿಗೆ ಮೋಸ ಮಾಡಿದ ಹಾಗೆ ಅಲ್ವಾ?"

ನಾನು ಎದ್ದು ಹೋಗಿ, ಆಫ್ ಆಗಿಯೇ ಇದ್ದ ಗ್ಯಾಸನ್ನು ಆಫ್ ಮಾಡಿ ಬಂದೆ. ಅಷ್ಟು ಗಾಬರಿಯಾಗಿತ್ತು.

ಆಮೇಲೆ ಮನೋವೈದ್ಯೆಯಾಗಿರುವ ಗೆಳತಿಗೆ ಫೋನ್ ಮಾಡಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅದಕ್ಕೆ ಫೆಟಿಶ್ ಅಂತಾರೆ ಮಾರಾಯ್ತಿ, ಯಾವುದೋ ವಸ್ತುವಿನ ಮೇಲೆ ಕಾಮದ ಆಕರ್ಷಣೆ. ಕೆಲವರಿಗೆ ಚಪ್ಪಲಿ, ಕೆಲವರಿಗೆ ಬಟ್ಟೆ, ಇವನಿಗೆ ಗೊಂಬೆ. ಯಾಕೆ ಅಂತ ಖಂಡಿತವಾಗಿ ಹೇಳ್ಲಿಕ್ಕೆ ಆಗುವುದಿಲ್ಲ. ಯಾರಿಗೂ ತೊಂದರೆ ಇಲ್ಲದಿದ್ರೆ, ಅವನಿಗೂ ಅದರಿಂದ ಸಂಕಟ ಇಲ್ಲದಿದ್ರೆ ಅದು ರೋಗ ಅಲ್ಲ. ಹಾಗಂತ ಗೊಂಬೆ ಹಿಡಿದು ಮಲಗುವ ದೊಡ್ಡವರೆಲ್ಲ ಹೀಗೆ ಅಂತ ಬರೆದು ಬಿಡಬೇಡ. ಹೆಚ್ಚಿನವರಿಗೆ ಅದು ಬರೀ ನಿದ್ರೆಗೆ." ಕೊನೆಗೆ ಒಂದು ಮಾತು ಸೇರಿಸಿದಳು. "ಹುಡುಗಿಗೆ ಹೇಳ್ತೇನೆ ಅಂತಾನಲ್ಲ, ಅವನು ಸರಿಯಾಗಿಯೇ ಇದ್ದಾನೆ."

ಇದನ್ನೆಲ್ಲ ಹೊತ್ತುಕೊಂಡು ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಆದಷ್ಟು ಮೆತ್ತಗೆ ವಿವರಿಸಿದೆ. ಅಕ್ಕ ಪೂರ್ತಿ ಕೇಳಿದಳು. ಸೆರಗಲ್ಲಿ ಕೈ ಒರೆಸಿಕೊಂಡಳು.

"ಇದು ಅವನದ್ದಲ್ಲ. ಇದು ನಮ್ಮ ಚಂದ್ರನ ಕುಲೆ."

ಚಂದ್ರ ಎಂದರೆ ಭಾವನ ತಮ್ಮ. ಮೀಸೆ ಮೂಡುವ ಮೊದಲೇ ಜ್ವರದಿಂದ ತೀರಿಕೊಂಡವನು. ಮದುವೆಯಾಗದೆ ಸತ್ತವರ ಕುಲೆ, ಅಂದರೆ ಪ್ರೇತ, ಮನೆಯ ಮದುವೆಗಳಿಗೆ ಅಡ್ಡ ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟರು. ಅವರೂ ಹೌದೆಂದರು. ಚಂದ್ರನಿಗೆ ಮದುವೆ ಬೇಕಂತೆ, ಕರಡಿ ಅವನ ಆಟದ ಸಾಮಾನಂತೆ. (ಕರಡಿ ಮಸ್ಕತ್ತಿನ ಮಾಲಿನದ್ದು ಎಂದರೆ ಯಾರು ಕೇಳುತ್ತಾರೆ?)

ಇಡೀ ಮನೆ ನೆಮ್ಮದಿಯ ನಿಟ್ಟುಸಿರು ಬಿಟ್ಟಿತು! ಪಾಣೆಮಂಗಳೂರಿಗೂ ಫೋನ್ ಹೋಯಿತು. "ಓ, ಕುಲೆಯ ಉಪದ್ರವಾ? ಮೊದಲೇ ಹೇಳ್ಬಾರ್ದಾ? ನಮ್ಮಲ್ಲೂ ಇತ್ತು, ಮದುವೆ ಮಾಡಿಸಿದ ಮೇಲೆ ಸರಿ ಆಯ್ತು" ಎಂದರು ಆ ದೊಡ್ಡಮ್ಮ.

ಹಾಗೆ ಚಂದ್ರನಿಗೆ ಬೆಳ್ತಂಗಡಿಯ ಒಂದು ಮನೆಯಿಂದ, ಎಂದೋ ತೀರಿಕೊಂಡ ಹೆಣ್ಣು ಗೊತ್ತಾಯಿತು. ಗೋತ್ರ ಗೀತ್ರ ಎಲ್ಲ ನೋಡಿದರು. ಭಾನುವಾರ ಅವರಿಬ್ಬರ ಹೆಸರಲ್ಲಿ ಎರಡು ಗೊಂಬೆಗಳಿಗೆ ಪಂಚೆ, ಸೀರೆ ಉಡಿಸಿ ಧಾರೆ ಎರೆದರು. ಸೌಮ್ಯಳ ಮನೆಯವರೂ ಅವಳನ್ನು ಕರೆದುಕೊಂಡು ಬಂದಿದ್ದರು. ಅತ್ತೆಯಂದಿರು ಗೊಂಬೆಯ ಸೀರೆಯ ನೆರಿಗೆ ಹಿಡಿದ ಅಕ್ಕರೆ ನೋಡಬೇಕಿತ್ತು. ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಮದುಮಗನ ಪಕ್ಕದಲ್ಲಿ ಕರಡಿ ಕೂತಿತ್ತು, ಎದುರಲ್ಲಿ ಎಲೆ.

"ಇನ್ನು ಆ ವಿಷಯ ಹುಡುಗಿ ಹತ್ರ ಎತ್ತಬೇಡ. ಎಲ್ಲ ಮುಗಿಯಿತು" ಎಂದು ಭಾವ ಮಗನಿಗೆ ಎಚ್ಚರಿಕೆ ಕೊಟ್ಟರು.

ಪ್ರಶಾಂತ ಎದ್ದ. ಎಲ್ಲರೂ ನೋಡುತ್ತಿದ್ದಂತೆ ಕರಡಿಯನ್ನು ಎತ್ತಿ ಕೋಣೆಗೆ ಒಯ್ದಿಟ್ಟು ಬಂದ. ಆಮೇಲೆ ಜಗಲಿಯಲ್ಲಿದ್ದ ಸೌಮ್ಯಳ ಹತ್ತಿರ ಕೂತು ಎಲ್ಲ ಹೇಳಿದ. ನನ್ನ ಕುರ್ಚಿ ಹತ್ತಿರವೇ ಇತ್ತು. (ಹೌದು, ನಾನೇ ಎಳೆದುಕೊಂಡದ್ದು.)

ಅವಳ ಮುಖ ಕೆಂಪಾಯಿತು. "ಮನೆಯವರಿಗೆ ಹೇಳಿರ್ಲಿಲ್ವಾ?" ಎಂದಳು.

"ಚಿಕ್ಕಮ್ಮನಿಂದ ಹೇಳಿಸಿದೆ. ಅವರು ಚಿಕ್ಕಪ್ಪನಿಗೆ ಮದುವೆ ಮಾಡಿಸಿದ್ರು."

ಅವಳಿಗೆ ನಗು ಬಂತು. ನಗು ನಿಂತ ಮೇಲೆ ಹೇಳಿದಳು. "ನನಗೆ ಯೋಚಿಸ್ಲಿಕ್ಕೆ ಸ್ವಲ್ಪ ಸಮಯ ಬೇಕು. ಬೇಡ ಅಂತ ಹೇಳಿದ್ರೂ ಯಾರ ಹತ್ರವೂ ಆಡಿಕೊಳ್ಳುವುದಿಲ್ಲ." ಆ ಮನೆಯಲ್ಲಿ ಅಂದು ನಾನು ಕೇಳಿದ ಮೊದಲ ಬುದ್ಧಿವಂತ ಮಾತು ಅದು.

ಅವಳು ಇನ್ನೂ ಉತ್ತರ ಕೊಟ್ಟಿಲ್ಲ. (ನಾನು ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ, ಹೆಸರು ಬದಲಿಸಿದ್ದೇನೆ.) ಪ್ರಶಾಂತ ದಿನವಿಡೀ ಫೋನ್ ನೋಡುತ್ತಾ ಕೂರುತ್ತಾನೆ. ಅಕ್ಕ ಮಾತ್ರ ನಿನ್ನೆ ಮತ್ತೆ ಫೋನ್ ಮಾಡಿದ್ದಳು. "ಚಂದ್ರನಿಗೆ ಇನ್ನೂ ಎಂತದೋ ಬೇಕು ಅಂತ ಕಾಣ್ತದೆ. ಇನ್ನೊಮ್ಮೆ ಜೋಯಿಸರಲ್ಲಿ ಕೇಳುವ."

ಅಲ್ಲ ಸ್ವಾಮಿ, ನಿನಗೇನು ಬೇಕಪ್ಪಾ ಎಂದು ನಮ್ಮವರು ಅಕ್ಕರೆಯಿಂದ ಕೇಳಬೇಕಾದರೆ, ಮೊದಲು ಸಾಯಲೇಬೇಕೇ?